ನೂರು ಬಿಂದುಗಳ ರಿಜಿಸ್ಟರು

1980ರ ಮಾರ್ಚ್ 16, ಭಾನುವಾರ. ವಿಶ್ವ ಅಂಗವಿಕಲರ ದಿನ ಆಗ ಡಿಸೆಂಬರ್‌ನಲ್ಲಿ ಬರುತ್ತಿರಲಿಲ್ಲ, ಮಾರ್ಚ್ ತಿಂಗಳ ಮೂರನೇ ಭಾನುವಾರ ಬರುತ್ತಿತ್ತು. ಅಂದು ದೆಹಲಿಯಲ್ಲಿ ಅಂಧರ ಮೆರವಣಿಗೆಯೊಂದು ಪ್ರಧಾನಿ ನಿವಾಸದತ್ತ ಹೊರಟಿತ್ತು. ಹೊರಡಿಸಿದ್ದು ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್, ಅಂಧರೇ 1970ರಲ್ಲಿ ಕಟ್ಟಿಕೊಂಡಿದ್ದ ಸಂಘಟನೆ. ಅವರು ಕೇಳಿದ್ದು ಕೆಲಸ. ಪೊಲೀಸರು ಲಾಠಿ ಬೀಸಿದರು. ಬಿಳಿ ಕೋಲು ಹಿಡಿದವರ ಬೆನ್ನಿನ ಮೇಲೆ ಲಾಠಿ ಬಿದ್ದ ಸುದ್ದಿಗೆ ದೇಶ ತಲೆತಗ್ಗಿಸಿತು. ಮಾರನೇ ವರ್ಷ, 1981, ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಅಂಗವಿಕಲರ ವರ್ಷ. ಭಾಷಣಗಳಿಗೆ ಬರವಿರಲಿಲ್ಲ.

ಸೋಜಿಗವೆಂದರೆ, ಅವರು ಕೇಳುತ್ತಿದ್ದ ಕೆಲಸ ಕಾಗದದ ಮೇಲೆ ಆಗಲೇ ಇತ್ತು. 1977ರಲ್ಲೇ ಕೇಂದ್ರ ಸರ್ಕಾರ ಆದೇಶವೊಂದನ್ನು ಹೊರಡಿಸಿ ಸಿ ಮತ್ತು ಡಿ ದರ್ಜೆಯ ಹುದ್ದೆಗಳಲ್ಲಿ ಶೇ 3ರಷ್ಟನ್ನು ಅಂಗವಿಕಲರಿಗೆ ಮೀಸಲಿಟ್ಟಿತ್ತು. ಅಂಧರಿಗೆ ಒಂದು, ಕಿವುಡರಿಗೆ ಒಂದು, ಕೈಕಾಲಿನ ಊನವಿದ್ದವರಿಗೆ ಒಂದು. ಅದು ಕಾಯ್ದೆಯಾಗಿರಲಿಲ್ಲ, ಇಲಾಖೆಯಿಂದ ಇಲಾಖೆಗೆ ಹೋಗುವ ಜ್ಞಾಪನಾಪತ್ರವಾಗಿತ್ತು. ಪಾಲಿಸದಿದ್ದರೆ ಕೇಳುವವರಿಲ್ಲ. ಎ ಮತ್ತು ಬಿ ದರ್ಜೆಯ ಮಾತೇ ಅದರಲ್ಲಿರಲಿಲ್ಲ. ಕುರ್ಚಿ ಹೆಣೆಯುವುದು, ಟೆಲಿಫೋನ್ ಎತ್ತುವುದು, ಲಿಫ್ಟಿನ ಗುಂಡಿ ಒತ್ತುವುದು, ಇಷ್ಟರೊಳಗೇ ಅಂಗವಿಕಲರ ಬದುಕು ಮುಗಿಯಬೇಕು ಎಂಬ ಲೆಕ್ಕಾಚಾರ ಆ ಆದೇಶದ ಅಡಿಯಲ್ಲಿತ್ತು.

1987ರಲ್ಲಿ ನ್ಯಾಯಮೂರ್ತಿ ಬಹರುಲ್ ಇಸ್ಲಾಂ ಅವರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. ಸಮಗ್ರ ಕಾಯ್ದೆಯೊಂದು ಬೇಕು ಎಂದು ಅದು 1988ರಲ್ಲಿ ವರದಿ ಕೊಟ್ಟಿತು. ವರದಿ ಕಪಾಟು ಸೇರಿತು. ಅಮೆರಿಕದಲ್ಲಿ 1990ರ ಜುಲೈನಲ್ಲಿ ಅಂಗವಿಕಲರ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದಾಗಲೂ ನಮ್ಮ ಕಪಾಟಿನ ಬಾಗಿಲು ತೆರೆಯಲಿಲ್ಲ.

ಅಷ್ಟರಲ್ಲಿ ಒಂದು ಬಾಗಿಲನ್ನು ನ್ಯಾಯಾಲಯ ತೆರೆಸಿತು. ಅಂಧರು ಐಎಎಸ್ ಪರೀಕ್ಷೆಗೆ ಕೂರುವಂತಿಲ್ಲ ಎಂಬುದು ಕೇಂದ್ರ ಲೋಕಸೇವಾ ಆಯೋಗದ ನಿಲುವಾಗಿತ್ತು. ಫೆಡರೇಷನ್ ಸುಪ್ರೀಂ ಕೋರ್ಟಿಗೆ ಹೋಯಿತು. ಸಂಘಟನೆಯ ಚುಕ್ಕಾಣಿ ಹಿಡಿದಿದ್ದ ಸಂತೋಷ್ ಕುಮಾರ್ ರುಂಗ್ಟಾ ಸ್ವತಃ ಅಂಧ ವಕೀಲರು. ಬ್ರೈಲ್‌ನಲ್ಲಿ ಅಥವಾ ಲಿಪಿಕಾರರ ನೆರವಿನಿಂದ ಪರೀಕ್ಷೆ ಬರೆಯಲು ಅವಕಾಶ ಕೊಡಬೇಕೆಂದು 1993ರಲ್ಲಿ ತೀರ್ಪು ಬಂತು. ಪರೀಕ್ಷೆ ಬರೆಯಬಹುದು ಎಂದಾಯಿತು. ಪಾಸಾದ ಮೇಲೆ ಹುದ್ದೆ ಕೊಡುತ್ತಾರೆಯೇ ಎಂಬುದು ಇನ್ನೂ ಹದಿನೇಳು ವರ್ಷ ಎಳೆಯಿತು.

ಕಾಯ್ದೆಗೆ ನಿಜವಾದ ಒತ್ತಡ ಹೊರಗಿನಿಂದಲೂ ಬಂತು, ಒಳಗಿನಿಂದಲೂ ಬಂತು. 1992ರ ಡಿಸೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಸೇರಿದ ಏಷ್ಯಾ ಪೆಸಿಫಿಕ್ ದೇಶಗಳು ಮುಂದಿನ ಹತ್ತು ವರ್ಷಗಳನ್ನು ಅಂಗವಿಕಲರ ದಶಕವೆಂದು ಘೋಷಿಸಿದವು. ಭಾರತವೂ ಆ ಘೋಷಣೆಗೆ ಒಪ್ಪಿತು. ಅದನ್ನು ಹಿಡಿದುಕೊಂಡು ದೆಹಲಿಯ ಅಧಿಕಾರಸ್ಥರ ಬೆನ್ನು ಬಿದ್ದವರು ಜಾವೇದ್ ಅಬಿದಿ. ಅಲಿಗಢದಲ್ಲಿ ಹುಟ್ಟಿದ ಈ ಮನುಷ್ಯನಿಗೆ ಬೆನ್ನುಹುರಿಯ ಜನ್ಮಜಾತ ತೊಂದರೆ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಓದಿದ್ದು ಅಮೆರಿಕದ ಓಹಾಯೊದಲ್ಲಿರುವ ರೈಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಪತ್ರಿಕೋದ್ಯಮ. ಅಲ್ಲಿ ಯಾರ ಹಂಗೂ ಇಲ್ಲದೆ ಓಡಾಡಿಕೊಂಡಿದ್ದವರು ದೆಹಲಿಗೆ ಮರಳಿದರೆ ಕಚೇರಿಯ ಮೆಟ್ಟಿಲೇ ಅಡ್ಡ. ದಾನಧರ್ಮದ ಭಾಷೆಯನ್ನು ಅವರು ಸಹಿಸುತ್ತಿರಲಿಲ್ಲ. ಅಂಗವಿಕಲರ ಸಂಘಟನೆಗಳು ಅಲ್ಲಿಯವರೆಗೆ ಅಂಧರದ್ದು ಬೇರೆ, ಕಿವುಡರದ್ದು ಬೇರೆ, ಪೋಲಿಯೋ ಪೀಡಿತರದ್ದು ಬೇರೆ ಎಂದು ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದವು. ಅವನ್ನು ಡಿಸೆಬಿಲಿಟಿ ರೈಟ್ಸ್ ಗ್ರೂಪ್ ಎಂಬ ಒಂದೇ ಹೆಸರಿನಡಿ ಕೂರಿಸಲು ಹೊರಟವರಲ್ಲಿ ಅಬಿದಿ ಮುಂಚೂಣಿಯಲ್ಲಿದ್ದರು.

1995ರ ಚಳಿಗಾಲದ ಅಧಿವೇಶನದಲ್ಲಿ ಮಸೂದೆ ಪಟ್ಟಿಯ ಕೆಳಗೆಲ್ಲೋ ಸಿಕ್ಕಿಕೊಂಡಿತ್ತು. ಪಿ.ವಿ. ನರಸಿಂಹರಾವ್ ಸರ್ಕಾರದ ಕೊನೆಯ ತಿಂಗಳುಗಳು, ಚುನಾವಣೆ ಎದುರಿಗಿತ್ತು. ಆ ಅಧಿವೇಶನ ತಪ್ಪಿದರೆ ಮಸೂದೆಯ ಕಥೆ ಮುಗಿದಂತೆ. ಡಿಸೆಂಬರ್‌ನ ಚಳಿಯಲ್ಲಿ ಊರುಗೋಲು, ಗಾಲಿಕುರ್ಚಿ, ಬಿಳಿ ಕೋಲುಗಳು ಸಂಸತ್ತಿನ ಕಡೆ ಹೊರಟವು. ಪ್ರತಿಭಟನೆಯ ಬೆನ್ನಿಗೇ ಎರಡೂ ಸದನಗಳು ಮಸೂದೆಗೆ ಒಪ್ಪಿಗೆ ಕೊಟ್ಟವು, ಹೆಚ್ಚಿನ ಚರ್ಚೆಯಿಲ್ಲದೆ. 1996ರ ಜನವರಿ 1ರಂದು ರಾಷ್ಟ್ರಪತಿಗಳ ಅಂಕಿತ, ಫೆಬ್ರುವರಿ 7ರಂದು ಜಾರಿ. ಚರ್ಚೆಯಿಲ್ಲದೆ ಬಂದ ಕಾಯ್ದೆಯ ಸುಖವೂ ಕಷ್ಟವೂ ಅದರೊಳಗೇ ಇದ್ದವು. ಸದನ ಕೇಳಬೇಕಿದ್ದ ಪ್ರಶ್ನೆಗಳನ್ನು ಮುಂದಿನ ಇಪ್ಪತ್ತು ವರ್ಷ ನ್ಯಾಯಾಲಯಗಳು ಕೇಳಬೇಕಾಯಿತು.

ಉದ್ಯೋಗದ ಮಟ್ಟಿಗೆ ಕಾಯ್ದೆಯ ತಿರುಳು ಕೆಲವೇ ಕಲಮುಗಳಲ್ಲಿತ್ತು. 32ನೇ ಕಲಮು: ಯಾವ ಹುದ್ದೆ ಅಂಗವಿಕಲರಿಗೆ ಸೂಕ್ತ ಎಂದು ಸರ್ಕಾರ ಗುರುತಿಸಬೇಕು. 33ನೇ ಕಲಮು: ಶೇ 3ಕ್ಕೆ ಕಡಿಮೆಯಿಲ್ಲದ ಮೀಸಲಾತಿ. 36: ಅಭ್ಯರ್ಥಿ ಸಿಗದಿದ್ದರೆ ಹುದ್ದೆಯನ್ನು ಮುಂದಿನ ವರ್ಷಕ್ಕೆ ಒಯ್ಯಬೇಕು. 47: ನೌಕರಿಯಲ್ಲಿರುವಾಗ ಅಂಗವೈಕಲ್ಯ ಬಂದರೆ ಅವರನ್ನು ಮನೆಗೆ ಕಳಿಸುವಂತಿಲ್ಲ, ಬೇರೆ ಕೆಲಸ ಕೊಡಬೇಕು, ಬೇರೆ ಕೆಲಸ ಇಲ್ಲದಿದ್ದರೆ ಸಂಖ್ಯಾತಿರಿಕ್ತ ಹುದ್ದೆ ಸೃಷ್ಟಿಸಿ ಅದೇ ಸಂಬಳ ಕೊಡಬೇಕು. ಓದಲು ಎಲ್ಲವೂ ಚೆಂದ.

ಜಾರಿಯ ಕಥೆ ಬೇರೆ. ಅದು ತಿಳಿಯಬೇಕಾದರೆ ಎರಡು ಕಾಗದಗಳನ್ನು ಹತ್ತಿರದಿಂದ ನೋಡಬೇಕು. ಒಂದು, ಗುರುತಿಸಿದ ಹುದ್ದೆಗಳ ಪಟ್ಟಿ. ಹುದ್ದೆಯ ಹೆಸರಿನ ಮುಂದೆ ಇಂಗ್ಲಿಷಿನ ಸಂಕೇತಾಕ್ಷರಗಳ ಸಾಲು: ಕೂರುವುದಕ್ಕೆ ಎಸ್, ನಿಲ್ಲುವುದಕ್ಕೆ ಎಸ್‌ಟಿ, ನಡೆಯುವುದಕ್ಕೆ ಡಬ್ಲ್ಯು, ಬಗ್ಗುವುದಕ್ಕೆ ಬಿಎನ್, ಎತ್ತುವುದಕ್ಕೆ ಎಲ್, ಎಳೆದು ನೂಕುವುದಕ್ಕೆ ಪಿಪಿ, ಬೆರಳಾಡಿಸುವುದಕ್ಕೆ ಎಂಎಫ್, ನೋಡುವುದಕ್ಕೆ ಎಸ್‌ಇ, ಕೇಳುವುದಕ್ಕೆ ಎಚ್. ಪಕ್ಕದ ಕಾಲಮಿನಲ್ಲಿ ದೇಹದ ಸಂಕೇತ: ಒಂದು ಕೈ ಊನವಾದವರಿಗೆ ಒಎ, ಒಂದು ಕಾಲು ಊನವಾದವರಿಗೆ ಒಎಲ್, ಎರಡೂ ಕಾಲು ಊನವಾದವರಿಗೆ ಬಿಎಲ್. ಮನುಷ್ಯ ಆ ಕೆಲಸವನ್ನು ಮಾಡಬಲ್ಲನೇ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಮೇಜಿನ ಎತ್ತರ ಬದಲಿಸಿದರೆ, ಕಂಪ್ಯೂಟರಿಗೆ ಓದಿ ಹೇಳುವ ತಂತ್ರಾಂಶ ಹಾಕಿದರೆ ಏನಾಗುತ್ತದೆ ಎಂಬ ಪ್ರಶ್ನೆಯೂ ಇಲ್ಲ. ದೇಹದ ಭಾಗಗಳನ್ನು ಎಣಿಸಿ ಹುದ್ದೆ ಹಂಚುವ ಪಟ್ಟಿ ಅದು.

ಈ ಪಟ್ಟಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಇರಾ ಸಿಂಘಲ್ ಪ್ರಕರಣ ತೋರಿಸಿತು. ಬೆನ್ನುಮೂಳೆ ಬಾಗಿದ ಈ ಯುವತಿ 2010ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ತೇರ್ಗಡೆಯಾದರು, ರೆವಿನ್ಯೂ ಸೇವೆಗೆ ಅರ್ಹರಾದರು. ನೂಕಲು, ಎಳೆಯಲು, ಭಾರ ಎತ್ತಲು ಆಗದು ಎಂಬ ಕಾರಣಕ್ಕೆ ನೇಮಕಾತಿ ಸಿಗಲಿಲ್ಲ. ತೆರಿಗೆ ಅಧಿಕಾರಿ ಏನನ್ನು ಎತ್ತಬೇಕಿತ್ತು ಎಂದು ಕೇಳಬೇಡಿ. ಕೇಂದ್ರ ಆಡಳಿತ ನ್ಯಾಯಮಂಡಳಿಯಲ್ಲಿ ಅವರು ಗೆದ್ದದ್ದು 2014ರಲ್ಲಿ. ಅಷ್ಟರಲ್ಲಿ ಮತ್ತೆ ಪರೀಕ್ಷೆ ಬರೆದಿದ್ದರು. 2015ರ ಜುಲೈನಲ್ಲಿ ಫಲಿತಾಂಶ ಬಂದಾಗ ಇಡೀ ದೇಶಕ್ಕೆ ಮೊದಲ ಸ್ಥಾನ, ಅದೂ ಸಾಮಾನ್ಯ ವರ್ಗದಲ್ಲಿ.

ಎರಡನೆಯ ಕಾಗದ ರೋಸ್ಟರ್ ರಿಜಿಸ್ಟರು. ನೂರು ಬಿಂದುಗಳ ಒಂದು ಆವರ್ತ, ಒಂದೊಂದು ಬಿಂದು ಒಂದೊಂದು ಖಾಲಿ ಹುದ್ದೆ. ಶೇ 3ರ ಕಾಲದಲ್ಲಿ ಅದನ್ನು ಮೂರು ಭಾಗ ಮಾಡಿದ್ದರು: 1ರಿಂದ 33, 34ರಿಂದ 66, 67ರಿಂದ 100. ಒಂದನೆಯ, ಮೂವತ್ತನಾಲ್ಕನೆಯ, ಅರವತ್ತೇಳನೆಯ ಬಿಂದುಗಳು ಅಂಗವಿಕಲರಿಗೆ. ಕಾಯ್ದೆಯ ನಿಜವಾದ ಜಾರಿ ಈ ಪುಸ್ತಕ ತೆರೆದು ಬಿಂದುವಿಗೆ ಗುರುತು ಹಾಕುವ ಗುಮಾಸ್ತರ ಕೈಯಲ್ಲಿತ್ತು. ಆ ಹುದ್ದೆ ಗುರುತಿಸಿದ ಪಟ್ಟಿಯಲ್ಲಿಲ್ಲ ಎಂದು ಬರೆದರೆ ಬಿಂದು ಮುಂದಕ್ಕೆ ಹೋಗುತ್ತದೆ. ಅರ್ಹರು ಸಿಗಲಿಲ್ಲ ಎಂದು ಬರೆದರೆ ಬ್ಯಾಕ್‌ಲಾಗ್ ಆಗುತ್ತದೆ. 36ನೇ ಕಲಮಿನ ಪ್ರಕಾರ ಎರಡನೇ ವರ್ಷವೂ ಯಾವ ಬಗೆಯ ಅಂಗವಿಕಲರೂ ಸಿಗದಿದ್ದರೆ ಹುದ್ದೆಯನ್ನು ಉಳಿದವರಿಗೆ ಕೊಡಬಹುದಿತ್ತು. ಕಾಯುವ ತಾಳ್ಮೆಯಿದ್ದ ಇಲಾಖೆಗೆ ಇದಕ್ಕಿಂತ ಸುಲಭದ ಹಾದಿ ಬೇಕಿರಲಿಲ್ಲ.

ಖಾಸಗಿ ವಲಯದ ಸ್ಥಿತಿ ತಿಳಿಯಲು ಅಬಿದಿ ಅವರ ನೇತೃತ್ವದ ಎನ್‌ಸಿಪಿಇಡಿಪಿ, ಅಂದರೆ ಅಂಗವಿಕಲರ ಉದ್ಯೋಗ ಉತ್ತೇಜನಕ್ಕೆಂದೇ ಹುಟ್ಟಿದ ರಾಷ್ಟ್ರೀಯ ಕೇಂದ್ರ, 1999ರಲ್ಲಿ ದೇಶದ 100 ದೊಡ್ಡ ಕಂಪನಿಗಳ ಸಮೀಕ್ಷೆ ನಡೆಸಿತು. ಸಾರ್ವಜನಿಕ ಉದ್ದಿಮೆಗಳಲ್ಲಿ ಅಂಗವಿಕಲ ನೌಕರರು ಶೇ 0.54, ಖಾಸಗಿ ಕಂಪನಿಗಳಲ್ಲಿ ಶೇ 0.28, ಬಹುರಾಷ್ಟ್ರೀಯ ಕಂಪನಿಗಳಲ್ಲಿ ಶೇ 0.05. ತಮ್ಮ ದೇಶದಲ್ಲಿ ಕಾನೂನಿಗೆ ತಲೆಬಾಗುತ್ತಿದ್ದ ಕಂಪನಿಗಳೇ ಇಲ್ಲಿ ತೀರಾ ಹಿಂದೆ. ಒತ್ತಾಯವಿದ್ದಲ್ಲಿ ಮಾತ್ರ ಕೆಲಸ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಿಲ್ಲ. 1995ರ ಕಾಯ್ದೆಯಲ್ಲಿ ಖಾಸಗಿಯವರಿಗಿದ್ದದ್ದು ಪ್ರೋತ್ಸಾಹಧನದ ಮಾತು ಮಾತ್ರ: ಶೇ 5ರಷ್ಟು ಅಂಗವಿಕಲರನ್ನು ತೆಗೆದುಕೊಂಡರೆ ಸರ್ಕಾರ ಏನಾದರೂ ಕೊಡುತ್ತದೆ, ಅದೂ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ.

ನ್ಯಾಯಾಲಯದ ಅಧ್ಯಾಯಕ್ಕೆ ಬರೋಣ. ಈ ಇತಿಹಾಸದ ಬೆನ್ನೆಲುಬು ಅದೇ. 2003ರಲ್ಲಿ ಕುನಾಲ್ ಸಿಂಗ್ ಪ್ರಕರಣ. ವಿಶೇಷ ಸೇವಾ ದಳದ ಕಾನ್‌ಸ್ಟೆಬಲ್ ಒಬ್ಬರು ಕರ್ತವ್ಯದಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡರು, ಗಾಯ ಕೊಳೆತು ಎಡಗಾಲು ತೆಗೆಯಬೇಕಾಯಿತು. ದಳ ಅವರನ್ನು ಸೇವೆಗೆ ಅನರ್ಹರೆಂದು ಕಳಿಸಿಬಿಟ್ಟಿತು. ಪಿಂಚಣಿ ಸಿಗುತ್ತದಲ್ಲ ಎಂಬ ಸಮಜಾಯಿಷಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 47ನೇ ಕಲಮು ಕಡ್ಡಾಯ ಎಂದಿತು. ಸಾರಿಗೆ ನಿಗಮಗಳ ಚಾಲಕರು, ವಿದ್ಯುತ್ ಮಂಡಳಿಗಳ ಲೈನ್‌ಮ್ಯಾನ್‌ಗಳು, ಹೀಗೆ ದುಡಿಯುವಾಗ ಕೈಕಾಲು ಕಳೆದುಕೊಂಡವರಿಗೆಲ್ಲ ಆ ತೀರ್ಪು ಆಸರೆ.

ಏಳು ವರ್ಷದ ನಂತರ ಅದೇ ಕಲಮು ಮತ್ತೊಬ್ಬರನ್ನು ಕೈಬಿಟ್ಟಿತು. ಪುಣೆಯ ಖಾಸಗಿ ಕಂಪನಿಯೊಂದರ ಟೆಲಿಫೋನ್ ಆಪರೇಟರ್ ಅವರು. ಶೇ 85ರಷ್ಟು ಶ್ರವಣಶಕ್ತಿ ಹೋಯಿತು. ಕಂಪನಿ 2000ದ ಕೊನೆಯ ದಿನ ಕೆಲಸದಿಂದ ತೆಗೆಯಿತು. ಬಾಂಬೆ ಹೈಕೋರ್ಟ್ ಅವರ ಪರ ನಿಂತಿತು. ಸುಪ್ರೀಂ ಕೋರ್ಟಿನಲ್ಲಿ 2010ರ ಮಾರ್ಚ್ 31ರಂದು ತೀರ್ಪು ಬರೆದವರು ಒಮ್ಮೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಕಂಪನಿ ಕಾಯ್ದೆಯಡಿ ನೋಂದಾಯಿಸಿಕೊಂಡ ಮಾತ್ರಕ್ಕೆ ಖಾಸಗಿ ಸಂಸ್ಥೆ ಈ ಕಾಯ್ದೆ ಹೇಳುವ ಸಂಸ್ಥೆಯಾಗುವುದಿಲ್ಲ, ಶಾಸಕಾಂಗ ಕೊಡದಿದ್ದನ್ನು ನ್ಯಾಯಾಲಯ ಕೊಡಲಾಗದು ಎಂಬುದು ಅದರ ಸಾರ. ಕಾನೂನಿನ ದೃಷ್ಟಿಯಿಂದ ಆ ತೀರ್ಪಿನಲ್ಲಿ ಹುಳುಕಿಲ್ಲ. ಹುಳುಕಿದ್ದದ್ದು 1995ರ ಆ ಅವಸರದ ಮಸೂದೆಯಲ್ಲಿ.

ಅದೇ 2010ರ ಜುಲೈನಲ್ಲಿ ಇನ್ನೊಂದು ಗಂಟು ಬಿಚ್ಚಿತು. ನಾಗರಿಕ ಸೇವಾ ಪರೀಕ್ಷೆ ಪಾಸು ಮಾಡಿದ ದೃಷ್ಟಿಹೀನ ಅಭ್ಯರ್ಥಿಯೊಬ್ಬರಿಗೆ ಸರ್ಕಾರ ಹೇಳಿದ್ದು: ಹುದ್ದೆ ಗುರುತಿಸಿದ ಮೇಲೆ ತಾನೆ ಮೀಸಲಾತಿ? ಗುರುತಿಸದೇ ಕೂತ ತಪ್ಪಿನ ಲಾಭವನ್ನು ಸರ್ಕಾರವೇ ಪಡೆಯುವಂತಿಲ್ಲ, ಮೀಸಲಾತಿ 1996ರಿಂದಲೇ ಲೆಕ್ಕಕ್ಕೆ ಬರುತ್ತದೆ ಎಂದಿತು ಸುಪ್ರೀಂ ಕೋರ್ಟ್. 2013ರ ಅಕ್ಟೋಬರ್ 8ರಂದು ಫೆಡರೇಷನ್‌ನ ದೊಡ್ಡ ಗೆಲುವು. ಶೇ 3 ಎಂದರೆ ಯಾವುದರ ಶೇ 3 ಎಂಬುದೇ ಅಲ್ಲಿಯ ಪ್ರಶ್ನೆ. ಇಲಾಖೆಯೊಂದರಲ್ಲಿ ಎ ಮತ್ತು ಬಿ ದರ್ಜೆಯ 1,000 ಹುದ್ದೆಗಳಿವೆ, ಅದರಲ್ಲಿ 200 ಮಾತ್ರ ಗುರುತಿಸಿದವು ಎಂದಿಟ್ಟುಕೊಳ್ಳಿ. ಸರ್ಕಾರದ ಲೆಕ್ಕದಲ್ಲಿ ಅಂಗವಿಕಲರಿಗೆ ಸಿಗುವುದು 6. ಕಾಯ್ದೆಯ ಲೆಕ್ಕದಲ್ಲಿ 30. ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ ಒಟ್ಟು ಹುದ್ದೆಗಳ ಮೇಲೆಯೇ ಲೆಕ್ಕ ಹಾಕಬೇಕೆಂದಿತು. ಮೂರು ತಿಂಗಳಲ್ಲಿ ಖಾಲಿ ಹುದ್ದೆಗಳ ಲೆಕ್ಕ ತೆಗೆಯಲು ಗಡುವು ಕೊಟ್ಟಿತು. ಕಾಯ್ದೆ ಬಂದು ಹದಿನೇಳು ವರ್ಷ ಕಳೆದ ಮೇಲೆ ಒಂದು ಗುಣಾಕಾರ ಇತ್ಯರ್ಥವಾಯಿತು.

ಈ ನಡುವೆ ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರ ಅಕ್ಟೋಬರ್ 1ರಂದು ಸ್ಥಿರೀಕರಣ ನೀಡಿತ್ತು. ಹಳೆಯ ಕಾಯ್ದೆ ಅದಕ್ಕೆ ಹೊಂದುತ್ತಿರಲಿಲ್ಲ. 2010ರಲ್ಲಿ ಸುಧಾ ಕೌಲ್ ಸಮಿತಿ, 2011ರಲ್ಲಿ ಅದರ ಕರಡು. ಕರಡು ಸಚಿವಾಲಯಗಳ ನಡುವೆ ಸುತ್ತಿ ಸೊರಗಿ 2014ರ ಫೆಬ್ರುವರಿ 7ರಂದು ರಾಜ್ಯಸಭೆಗೆ ಬಂತು. ಮಂಡಿಸಿದವರು ಆಗ ಸಾಮಾಜಿಕ ನ್ಯಾಯ ಖಾತೆಯ ಹೊಣೆಯೂ ಇದ್ದ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ. ಅಂಗವಿಕಲರ ಸಂಘಟನೆಗಳು ಇಬ್ಭಾಗವಾದವು. ಸಿಕ್ಕಷ್ಟು ಸಿಗಲಿ, ಚುನಾವಣೆಗೆ ಮುನ್ನ ಪಾಸಾಗಲಿ ಎಂದು ಕೆಲವರು. ಹಲ್ಲಿಲ್ಲದ ಮಸೂದೆ ಬೇಡವೇ ಬೇಡ ಎಂದು ಕೆಲವರು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು.

ಹೆಚ್ಚುಕಡಿಮೆ ಮೂರು ವರ್ಷ ಬಿಟ್ಟು ಅದು ಪಾಸಾದ ಬಗೆ 1995ನ್ನೇ ನೆನಪಿಸುತ್ತದೆ. 2016ರ ಡಿಸೆಂಬರ್, ನೋಟು ರದ್ದತಿಯ ಗದ್ದಲದಲ್ಲಿ ಅಧಿವೇಶನವೇ ಕೊಚ್ಚಿಹೋಗಿತ್ತು. ಆ ಗಲಾಟೆಯ ನಡುವೆ ಎರಡೂ ಕಡೆಯವರು ಒಂದೇ ಒಂದು ಮಸೂದೆಗೆ ಸುಮ್ಮನಾದರು: 14ರಂದು ರಾಜ್ಯಸಭೆ, 16ರಂದು ಲೋಕಸಭೆ. ಸಚಿವರು ಥಾವರ್‌ಚಂದ್ ಗೆಹ್ಲೋಟ್, ಮುಂದೆ 2021ರಲ್ಲಿ ಕರ್ನಾಟಕದ ರಾಜ್ಯಪಾಲರಾದವರು. ಹೊಸ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅಂಗವೈಕಲ್ಯದ ಬಗೆಗಳು 7ರಿಂದ 21ಕ್ಕೆ ಏರಿದವು. ಮೀಸಲಾತಿ ಶೇ 4. 2014ರ ಮಸೂದೆಯಲ್ಲಿ ಇದ್ದದ್ದು ಶೇ 5, ಕೊನೆಗಳಿಗೆಯಲ್ಲಿ ಒಂದು ಕಡಿತ. ಕಾಯ್ದೆ ಮುರಿದವರಿಗೆ ಜೈಲು ಎಂದಿದ್ದದ್ದೂ ಹೋಗಿ ಮೊದಲ ಸಲಕ್ಕೆ ಗರಿಷ್ಠ 10,000 ರೂಪಾಯಿ ದಂಡವಾಯಿತು. ಮತ್ತೆ ಮುರಿದರೆ 50,000ದಿಂದ 5 ಲಕ್ಷ. ರೋಸ್ಟರಿನ ಭಾಗಗಳು ಮೂರರ ಬದಲು ನಾಲ್ಕು. ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆ ಇರುವವರಿಗೆ ಮೊದಲ ಸಲ ಸರ್ಕಾರಿ ಹುದ್ದೆಯಲ್ಲಿ ಒಂದು ಪಾಲು.

ಈ ಕಾಯ್ದೆಯ ದೊಡ್ಡ ದೇಣಿಗೆ ಸಮಂಜಸ ಹೊಂದಾಣಿಕೆ ಎಂಬ ಕರ್ತವ್ಯ. ವ್ಯಕ್ತಿ ಕೆಲಸಕ್ಕೆ ಹೊಂದಿಕೊಳ್ಳಲಿ ಎಂದು ಕೂರದೆ, ಉದ್ಯೋಗದಾತರೇ ಕೆಲಸದ ಜಾಗವನ್ನು ಅವರಿಗೆ ಹೊಂದಿಸಬೇಕು. ಅತಿಯಾದ ಹೊರೆಯಾಗದಿದ್ದರೆ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಅದೇ ತಾರತಮ್ಯ. 2021ರ ಫೆಬ್ರುವರಿಯಲ್ಲಿ, ಬರೆಯುವಾಗ ಕೈ ಸೆಳೆಯುವ ತೊಂದರೆಯಿದ್ದ ಅಭ್ಯರ್ಥಿಗೆ ಲಿಪಿಕಾರರನ್ನು ಕೊಡಬೇಕೆಂಬ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಈ ತತ್ವಕ್ಕೆ ಗಟ್ಟಿ ಅಡಿಪಾಯ ಹಾಕಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿ ಐಪಿಎಸ್ ಮತ್ತು ಅರೆಸೇನಾ ಪಡೆಗಳ ಯುದ್ಧ ಹುದ್ದೆಗಳನ್ನು ಕಾಯ್ದೆಯ ಮೀಸಲಾತಿಯಿಂದ ಹೊರಗಿಟ್ಟಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವುದು ಈ ಇತಿಹಾಸದ ಖಾಯಂ ನಡೆ.

ಬಡ್ತಿಯ ಪ್ರಶ್ನೆ ಇತ್ಯರ್ಥವಾದದ್ದು ಕರ್ನಾಟಕದ ಪ್ರಕರಣದಲ್ಲಿ. ಅಂಗವಿಕಲರಿಗೆ ನೇಮಕಾತಿಯಲ್ಲಿ ಮೀಸಲಾತಿ ಸರಿ, ಬಡ್ತಿಯಲ್ಲಿ ಏಕೆ ಎಂಬುದು ಸರ್ಕಾರಗಳ ವಾದ. ಬಡ್ತಿಯಲ್ಲಿ ಮೀಸಲಾತಿ ಸಲ್ಲದು ಎಂದಿದ್ದ 1992ರ ಇಂದಿರಾ ಸಾಹ್ನಿ ತೀರ್ಪನ್ನು ಅದಕ್ಕೆ ಗುರಾಣಿ ಮಾಡಿಕೊಂಡಿದ್ದರು. ಸಿದ್ದರಾಜು ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ 2020ರ ಜನವರಿ 14ರಂದು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ನೇತೃತ್ವದ ಮೂವರ ಪೀಠ ಆ ವಾದವನ್ನು ತಳ್ಳಿಹಾಕಿತು. ಇಂದಿರಾ ಸಾಹ್ನಿ ಹಿಂದುಳಿದ ವರ್ಗಗಳ ಕುರಿತದ್ದು, ಅಂಗವಿಕಲರಿಗೆ ಅನ್ವಯಿಸದು ಎಂದಿತು. ಅದಾದ ಮೇಲೂ ಕೇಂದ್ರ ಸರ್ಕಾರ ಸ್ಪಷ್ಟೀಕರಣ ಕೇಳಿಕೊಂಡು ಮತ್ತೆ ಕೋರ್ಟಿಗೆ ಹೋಯಿತು. ಬಡ್ತಿ ಮೀಸಲಾತಿಯ ಸೂಚನೆ ಹೊರಬಿದ್ದದ್ದು 2022ರ ಮೇ 17ರಂದು. ಕರ್ನಾಟಕ ಸರ್ಕಾರ ಸಿ ಮತ್ತು ಡಿ ದರ್ಜೆಯಲ್ಲಿ ಕೇಂದ್ರಕ್ಕಿಂತ ಹೆಚ್ಚು, ಶೇ 5 ಕೊಟ್ಟಿದೆ ಎಂಬುದನ್ನೂ ಇಲ್ಲೇ ಹೇಳಬೇಕು. ಪೋಲಿಯೋದಿಂದ ಕೈಕಾಲುಗಳ ಬಲ ಕಳೆದುಕೊಂಡಿದ್ದ ಕೆ.ಎಸ್. ರಾಜಣ್ಣ ಅವರನ್ನು 2013ರಲ್ಲಿ ಅಂಗವಿಕಲರ ರಾಜ್ಯ ಆಯುಕ್ತರನ್ನಾಗಿ ಕೂರಿಸಿದ್ದೂ ಈ ರಾಜ್ಯವೇ. ಆದರೆ ಆಯುಕ್ತರ ಕೈಯಲ್ಲಿರುವುದು ಶಿಫಾರಸು. ಒಪ್ಪದ ಇಲಾಖೆ ಮೂರು ತಿಂಗಳಲ್ಲಿ ಕಾರಣ ತಿಳಿಸಿದರೆ ಸಾಕು.

2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್, ಅಂಧರು ನ್ಯಾಯಾಧೀಶರಾಗುವಂತಿಲ್ಲ ಎಂದಿದ್ದ ಮಧ್ಯಪ್ರದೇಶದ ನಿಯಮವನ್ನು ರದ್ದು ಮಾಡಿತು. ತಾಯಿಯೊಬ್ಬರು ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರದಿಂದ ಆ ಪ್ರಕರಣ ಶುರುವಾಗಿತ್ತು. ಸರ್ಕಾರಿ ಹುದ್ದೆಯ ಬಾಗಿಲುಗಳು ಹೀಗೆ ಒಂದೊಂದಾಗಿ, ಪ್ರತಿ ಬಾರಿಯೂ ಯಾರೋ ಒಬ್ಬರ ವರ್ಷಗಟ್ಟಲೆಯ ಅಲೆದಾಟದಿಂದ ತೆರೆದಿವೆ.

ಪುಣೆಯ ಆ ಟೆಲಿಫೋನ್ ಆಪರೇಟರ್‌ಗೆ ಇಂದಿನ ಕಾಯ್ದೆಯಲ್ಲಾದರೂ ರಕ್ಷಣೆ ಸಿಗುತ್ತಿತ್ತೇ? 2016ರ ಕಾಯ್ದೆ ಖಾಸಗಿ ಸಂಸ್ಥೆಗಳನ್ನೂ ಹೆಸರಿಸುತ್ತದೆ, ತಾರತಮ್ಯವನ್ನು ನಿಷೇಧಿಸುತ್ತದೆ. ಆದರೆ ನೌಕರಿಯಲ್ಲಿದ್ದಾಗ ಅಂಗವಿಕಲರಾದವರನ್ನು ಮನೆಗೆ ಕಳಿಸುವಂತಿಲ್ಲ ಎಂಬ ನೇರ ಮಾತು ಈಗಲೂ ಸರ್ಕಾರಿ ಸಂಸ್ಥೆಗಳಿಗೇ ಸೀಮಿತ. 20ನೇ ಕಲಮನ್ನು ಓದಿ ನೋಡಿದರೆ ಸಾಕು. ದೇಶದ ಹೆಚ್ಚಿನ ಉದ್ಯೋಗಗಳು ಖಾಸಗಿಯಲ್ಲೇ ಇರುವ ಕಾಲದಲ್ಲಿ ಇದು ಕಣ್ತಪ್ಪಿ ಆದದ್ದೆಂದು ನಾನು ನಂಬುವುದಿಲ್ಲ.

ಖಾಸಗಿಯವರ ಮೇಲೆ ಕಾಯ್ದೆ ಸ್ಪಷ್ಟವಾಗಿ ಹೊರಿಸಿರುವ ಹೊಣೆ 21ನೇ ಕಲಮಿನಲ್ಲಿದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ವಿವರವಾಗಿ ಬರೆದು ಪ್ರಕಟಿಸಬೇಕು: ಯಾವ ಹುದ್ದೆಗಳು ಅಂಗವಿಕಲರಿಗೆ ಸೂಕ್ತ, ಆಯ್ಕೆ ಹೇಗೆ, ಏನೇನು ಸೌಲಭ್ಯ, ಸಂಪರ್ಕಾಧಿಕಾರಿ ಯಾರು. ಅದರ ಪ್ರತಿಯನ್ನು ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಬೇಕು. ನೀವು ದುಡಿಯುವುದು ಬೆಂಗಳೂರಿನ ಐಟಿ ಕಂಪನಿಯಿರಲಿ, ಪೀಣ್ಯದ ಕಾರ್ಖಾನೆಯಿರಲಿ, ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಿರಲಿ, ನಾಳೆ ಎಚ್‌ಆರ್ ವಿಭಾಗಕ್ಕೆ ಹೋಗಿ ಆ ನೀತಿಯ ಪ್ರತಿ ಕೇಳಿ. ಇಲ್ಲ ಎಂದರೆ ಯಾವಾಗ ಮಾಡುತ್ತೀರಿ ಎಂದು ಬರಹದಲ್ಲಿ ಕೇಳಿ.